ಮಂಗಳವಾರಕ್ಕೆ ಏನು ಬರೆಯಲಿ

ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು, ಎಡಗೈಯಲ್ಲಿ ತಂತಿಯ ಚೌಕಟ್ಟನ್ನು ತಿರುಗಿಸುತ್ತ, ಬಲಗೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿದ್ದಳು ಅವಳು. ಲ್ಯಾಂಪ್‌ಶೇಡ್ ಮಾಡುವಾಗ ಈ ಒಂದು ಗಳಿಗೆ ಕೈ ಸಡಿಲ ಬಿಡುವಂತಿಲ್ಲ. ಬಿಟ್ಟರೆ ಬಟ್ಟೆ ಸುಕ್ಕಾಗುತ್ತದೆ. ದೀಪ ಹೊತ್ತಿಸಿದಾಗ ಆ ಸುಕ್ಕು ಗೋಡೆಯ ಮೇಲೆ ಮಾರುದ್ದ ಕಾಣುತ್ತದೆ.

ಆದರೆ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ.

ಮಂಗಳವಾರಕ್ಕೆ ಏನು ಬರೆಯಲಿ?

ಅಂಗಡಿಗೊಂದು ಬ್ಲಾಗ್ ಬೇಕೇ ಬೇಕು ಎಂದು ಹಟ ಹಿಡಿದವಳು ಅಕ್ಕ. ಪ್ರತಿ ಮಂಗಳವಾರ ಒಂದು ಲೇಖನ. ಒಂದು ವಾರ ತಪ್ಪಿದರೂ ಜನ ಮರೆತುಬಿಡುತ್ತಾರೆ ಎಂದು ಅಕ್ಕನ ವಾದ. ಮೊದಮೊದಲು ಉತ್ಸಾಹವಿತ್ತು. ಹತ್ತಿ, ರೇಷ್ಮೆ, ನಾರುಬಟ್ಟೆ, ಮಲಗುವ ಕೋಣೆಗೆ ಯಾವುದು, ಓದುವ ಮೇಜಿಗೆ ಯಾವುದು... ಎಲ್ಲ ಬರೆದಾಯಿತು. ಈಗ ನಲವತ್ತೊಂದನೆಯ ವಾರ. ವಿಷಯ ಹೊಳೆದಾಗಲೆಲ್ಲ ಚೀಟಿ ಬರೆದು ಹಾಕುತ್ತಿದ್ದ ಬಿಸ್ಕತ್ತಿನ ಡಬ್ಬಿಯ ತಳ ಕಾಣುತ್ತಿತ್ತು. ಉಳಿದಿದ್ದ ಒಂದೇ ಚೀಟಿಯಲ್ಲಿ 'ಗೋಂದು' ಎಂದಿತ್ತು. ಅದರ ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆ.

ನಲವತ್ನಾಲ್ಕು ವರ್ಷ ಅವಳಿಗೆ. ಕೈ ದಣಿದರೆ ರಾತ್ರಿ ನಿದ್ದೆ ಮಾಡಿ ಎದ್ದಾಗ ಸರಿಹೋಗಿರುತ್ತಿತ್ತು. ಹೇಳಲು ಏನೂ ಇಲ್ಲದಿದ್ದರೂ ವಾರ ವಾರ ಹೇಳುತ್ತಲೇ ಇರಬೇಕಾದ ಈ ಸುಸ್ತಿಗೆ ಮಾತ್ರ ನಿದ್ದೆಯೂ ಸಾಲುತ್ತಿರಲಿಲ್ಲ.

ಬಾಗಿಲು ಸದ್ದಾಯಿತು. ಒಬ್ಬ ಗಂಡಸು ನೇರ ಮೇಜಿನ ಬಳಿ ಬಂದು, ಕಾಗದದ ಚೀಲದಿಂದ ಒಂದು ಶೇಡ್ ತೆಗೆದು ಅವಳ ಮುಂದಿಟ್ಟ. ಅವಳೇ ಮಾಡಿದ್ದು. ಒಂದು ಮಗ್ಗುಲು ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು.

"ನಿಮ್ಮ ಲೇಖನ ಎಲ್ಲಾ ಓದಿದೀನಿ. ಒಂದೂ ಬಿಟ್ಟಿಲ್ಲ. ಪ್ರಪಂಚದಲ್ಲಿರೋ ಎಲ್ಲಾ ಬಟ್ಟೆ ಬಗ್ಗೆ ಬರೆದಿದ್ದೀರಿ. ಎಷ್ಟು ದೊಡ್ಡ ಬಲ್ಬ್ ಹಾಕ್ಬೇಕು ಅಂತ ಒಂದು ಕಡೆನಾದ್ರೂ ಹೇಳಿದ್ದೀರಾ?"

ಬಾಯಲ್ಲಿ ಸೂಜಿ. ಉತ್ತರ ಕೊಡುವಂತಿಲ್ಲ. ಅವಳು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಬೈಗುಳಕ್ಕೆ ಬೇಜಾರಾಗಬೇಕಿತ್ತು. ಆದರೆ ಮನಸ್ಸು ಬೇರೆಲ್ಲೋ ಸಿಕ್ಕಿಕೊಂಡಿತ್ತು.

"ನೀವು... ಓದ್ತೀರಾ?"

ಜಗಳಕ್ಕೆಂದೇ ಬಂದಿದ್ದ ಮನುಷ್ಯ ತಬ್ಬಿಬ್ಬಾದ. ಕೂರಲು ಕುರ್ಚಿ ಹುಡುಕಿದ.

ಆ ಮಂಗಳವಾರ ಬಲ್ಬಿನ ಬಗ್ಗೆ ಬರೆದಳು. ಹನ್ನೊಂದು ಜನ ಥ್ಯಾಂಕ್ಸ್ ಹೇಳಿದರು. ಅಕ್ಕನಿಗೆ ಹಿಡಿಸಲಾರದಷ್ಟು ಖುಷಿ.

ಆತ ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಹೊಸ ಶೇಡ್ ಬೇಕಿತ್ತು, ಆದರೆ ಬೆಳಕಿನ ಬಣ್ಣ ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ದೀಪದ ಹಳೆಯ ಶೇಡ್ ಹರಿದಾಗ ಇವಳಿಂದ ಕೊಂಡದ್ದರ ಬಣ್ಣ ಹೊಂದಲಿಲ್ಲವೆಂದೇ ದೊಡ್ಡ ಬಲ್ಬ್ ಹಾಕಿ ಸುಟ್ಟುಕೊಂಡಿದ್ದನಂತೆ. ಮುಂದಿನ ಗುರುವಾರ ದೀಪವನ್ನೇ ಹೊತ್ತು ತಂದ. ಹಸಿರು ಪಿಂಗಾಣಿಯ ಕಾಲು, ಬುಡದಲ್ಲಿ ಸಣ್ಣದೊಂದು ಚಕ್ಕೆ ಎದ್ದಿತ್ತು. ಜೊತೆಗೆ ಜೇಬಿನಿಂದ ಒಂದು ಪಟ್ಟಿ ತೆಗೆದ. ಅದರ ತುಂಬ ಸಾಲಾಗಿ ಹದಿನಾರು ಹಲ್ಲುಗಳು!

ಅವಳು ಕುರ್ಚಿಯನ್ನೇ ಹಿಂದಕ್ಕೆ ತಳ್ಳಿದಳು. ಆತ ನಗಲಿಲ್ಲ, ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿ ಇದು ಎಂದು ವಿವರಿಸಿ, ದೀಪದ ಪಕ್ಕದಲ್ಲಿ ಹಿಡಿದು, ಒಂದೊಂದೇ ಬಟ್ಟೆಯನ್ನು ಹಲ್ಲಿನೊಡನೆ ಹೋಲಿಸುತ್ತ ಹೋದ.

"ನನಗೆ ಬೇಕಾದ್ದು ಈ ಒಂಬತ್ತನೇ ಹಲ್ಲಿನ ಬಣ್ಣ. ಅರವತ್ತು ದಾಟಿದವರದ್ದು. ಟೀ ಕುಡಿಯೋ ಅಭ್ಯಾಸ ಇರೋರು."

"ನನ್ನ ಕೆಲಸ ದೀಪಕ್ಕೆ ಟೋಪಿ ಹಾಕೋದು. ಹಲ್ಲು ಕಟ್ಟೋದೂ ಸೇರಿದೆ ಅಂತ ಗೊತ್ತಿರಲಿಲ್ಲ," ಎಂದಳು. ಆಗ ಆತ ನಕ್ಕ. ಹಲ್ಲು ಮಾಡುವವನದೇ ಒಂದು ಹಲ್ಲು ಸೊಟ್ಟಗಿತ್ತು. ಅದು ಅವಳಿಗೆ ಇಷ್ಟವಾಯಿತು.

ಆ ಬಣ್ಣದ ಬಟ್ಟೆ ಸಿಗಲು ಆರು ಗುರುವಾರ ಹಿಡಿಯಿತು. ಅವಳೂ ಅವಸರ ಮಾಡಲಿಲ್ಲ. ವಿಷಯ ಹುಡುಕುವ ಉಪಾಯ ಹೇಳಿಕೊಟ್ಟವನೂ ಅವನೇ. ಜನ ಹತ್ತು ಸಲ ಕೇಳುವ ಪ್ರಶ್ನೆ ಯಾವುದೋ ಅದನ್ನೇ ಬರೆಯಿರಿ, ನಿಮಗೆ ಬೇಸರ ತರಿಸಿದ್ದೇ ಅವರಿಗೆ ಬೇಕಾದದ್ದು ಎಂದ. ಧೂಳು ಒರೆಸುವುದು ಹೇಗೆ? ಶೇಡ್ ಓರೆಯಾದರೆ ಏನು ಮಾಡಬೇಕು? ಬೆಕ್ಕು ಪರಚಿದರೆ? ಬಿಸ್ಕತ್ತಿನ ಡಬ್ಬಿ ಮತ್ತೆ ತುಂಬತೊಡಗಿತು. ಗುರುವಾರ ಬಂದರೆ ಅವಳ ಕೈ ನಿಧಾನವಾಗುತ್ತಿತ್ತು, ಕಿವಿ ಬಾಗಿಲಲ್ಲಿರುತ್ತಿತ್ತು.

ಈ ವಯಸ್ಸಿನಲ್ಲಿ ಇದೇನು ಹುಚ್ಚು... ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಕೂದಲು ಸರಿಮಾಡಿಕೊಂಡಳು.

ಆರನೆಯ ಗುರುವಾರ, ಶೇಡ್ ಹೊಲಿದು ಮುಗಿಯುವಾಗ, ಆತ ಕೇಳದೆಯೇ ಹೇಳಿದ. ಅಮ್ಮ ಹೋಗಿ ಮೂರು ವರ್ಷ. ಅಪ್ಪನಿಗೆ ಮರೆವು. ಕತ್ತಲಾಗುತ್ತಿದ್ದಂತೆ ಅಮ್ಮನನ್ನು ಹುಡುಕುತ್ತಾರೆ, ಅಳುತ್ತಾರೆ. ಅಮ್ಮ ಸಂಜೆ ಪಕ್ಕದ ಕೋಣೆಯಲ್ಲಿ ಈ ದೀಪದಡಿ ಕೂತು ಓದುತ್ತಿದ್ದಳು. ಈಗಲೂ ಅದೇ ಬಣ್ಣದ ಬೆಳಕು ಬಾಗಿಲ ಸಂದಿಯಲ್ಲಿ ಕಂಡರೆ ಸಾಕು, 'ಅವಳಿನ್ನೂ ಓದ್ತಿದ್ದಾಳೆ' ಎಂದು ಸಮಾಧಾನವಾಗಿ ಮಲಗುತ್ತಾರೆ.

ಅವಳು ಕೊನೆಯ ಹೊಲಿಗೆಗೆ ಎರಡು ಗಂಟು ಹಾಕಿದಳು.

ಮರುವಾರ ಅವಳಿಗೆ ಜ್ವರ. ಡಬ್ಬಿಯ ಚೀಟಿಗಳು ಯಾವುದೂ ಮನಸ್ಸಿಗೆ ಹತ್ತಲಿಲ್ಲ. ಅಕ್ಕ ಫೋನಿನಲ್ಲಿ ಬೆನ್ನು ಹತ್ತಿದ್ದಳು: ಗಿರಾಕಿಗಳ ಕಥೆ ಹಾಕು, ಜನ ಓದಿ ಕಣ್ಣೊರೆಸಿಕೊಂಡರೆ ನಾಲ್ಕು ಜನಕ್ಕೆ ಕಳಿಸುತ್ತಾರೆ. ಹೆಸರು ಹಾಕದಿದ್ದರಾಯಿತಲ್ಲ... ಎಂದು ಅವಳಿಗೂ ಅನ್ನಿಸಿತು. ಆತ ಹೇಳಿದ ಅಪ್ಪನ ಕಥೆಯನ್ನು ಒಂದೇ ಗಂಟೆಯಲ್ಲಿ ಬರೆದಳು. ಅಷ್ಟು ಸಲೀಸಾಗಿ ಹಿಂದೆಂದೂ ಬರೆದಿರಲಿಲ್ಲ. ಕೊನೆಗೆ, ಹಸಿರು ದೀಪದ ಫೋಟೋ.

ಸಾವಿರಾರು ಜನ ಓದಿದರು.

ಅವರಲ್ಲಿ ಒಬ್ಬರು ಆತನ ಸೋದರತ್ತೆ. ಬುಡದ ಚಕ್ಕೆ ನೋಡಿ ದೀಪದ ಗುರುತು ಹಿಡಿದರು. ಹೆಮ್ಮೆಯಿಂದ ಅಣ್ಣನ, ಅಂದರೆ ಆತನ ಅಪ್ಪನ, ಪಕ್ಕ ಕೂತು, ಅಮ್ಮ ತೀರಿಕೊಂಡದ್ದನ್ನೂ ಬಿಡದೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದರು.

ಮಾರನೆಯ ದಿನ ಆತ ಅಂಗಡಿಗೆ ಬಂದ. ಕೂರಲಿಲ್ಲ. ದನಿ ಏರಿಸಲೂ ಇಲ್ಲ.

"ನಿನ್ನೆ ದೀಪ ಹಾಕಿದೆ. ಅಪ್ಪ ಎದ್ದು ಹೋಗಿ ಕೋಣೆ ನೋಡಿದ್ರು. 'ಖಾಲಿ ಇದೆ' ಅಂದ್ರು. ಮೂರು ವರ್ಷದಲ್ಲಿ, ಆ ಬೆಳಕು ಇದ್ದಾಗ ಅವರು ಎದ್ದು ನೋಡಿದ್ದೇ ಇಲ್ಲ."

ಅವಳು ತಪ್ಪಾಯಿತು ಎನ್ನಬೇಕಿತ್ತು.

"ನಾನು ಹೇಳಿದ್ದು ನಿಮಗೆ. ನಿಮ್ಮ ಮಂಗಳವಾರಕ್ಕಲ್ಲ," ಎಂದು ಹೇಳಿ ಆತ ಹೊರಟುಹೋದ.

ಅವಳು ಆ ಗಳಿಗೆಯೇ ಲೇಖನ ಅಳಿಸಿದಳು. ಅಕ್ಕ ರೇಗಿದಳು. ಆಮೇಲೆ, ಹೋಗಲಿ, ತಪ್ಪು ಒಪ್ಪಿಕೊಂಡು ಒಂದು ಲೇಖನ ಬರಿ, ಅದನ್ನು ಇನ್ನೂ ಹೆಚ್ಚು ಜನ ಓದುತ್ತಾರೆ ಎಂದಳು. ಅವಳು ಫೋನ್ ಇಟ್ಟುಬಿಟ್ಟಳು. ಆತನಿಗೆ ಮೂರು ಸಲ ಕರೆ ಮಾಡಿದಳು, ಎತ್ತಲಿಲ್ಲ. ನಾಲ್ಕನೆಯದಕ್ಕೆ ಧೈರ್ಯ ಸಾಲಲಿಲ್ಲ.

ಆಮೇಲೆ ಎಂಟು ಮಂಗಳವಾರ ಧೂಳು, ಓರೆ, ಬೆಕ್ಕು. ಹಲ್ಲು ಕಚ್ಚಿಕೊಂಡು ಬರೆದಳು. ಗುರುವಾರ ಮಾತ್ರ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಬರುವವರು ಯಾರೆಂದು ನೋಡದಿದ್ದರೆ, ಬಾರದವರು ಯಾರೆಂದೂ ತಿಳಿಯುವುದಿಲ್ಲವಲ್ಲ...

ಒಂಬತ್ತನೆಯ ಗುರುವಾರ ಬೆನ್ನ ಹಿಂದೆ ದನಿ ಕೇಳಿತು.

"ಧೂಳಿನ ಲೇಖನ ತುಂಬಾ ಬೋರಾಗಿತ್ತು."

ಅವಳು ತಿರುಗಲಿಲ್ಲ. ತಿರುಗಿದರೆ ಅಳು ಬರುತ್ತದೆಂದು ಗೊತ್ತಿತ್ತು.

"ಪೂರ್ತಿ ಓದಿದ್ರಾ?"

"ಎರಡು ಸಲ."

ಆತ ಕುರ್ಚಿ ಎಳೆದುಕೊಂಡ. ಹಿಂದಿನ ಸಂಜೆ ಅಪ್ಪ ಮತ್ತೆ ಕೇಳಿದರಂತೆ, ಅವಳಿನ್ನೂ ಓದುತ್ತಿದ್ದಾಳಾ ಎಂದು. ಅತ್ತೆ ಓದಿದ್ದೂ, ಖಾಲಿ ಕೋಣೆಯೂ, ಎಲ್ಲವೂ ಮರೆತುಹೋಗಿತ್ತು.

"ನನ್ನಿಂದ ತಪ್ಪಾಯ್ತು," ಎಂದಳು ಅವಳು. ಎರಡು ತಿಂಗಳಿಂದ ಗಂಟಲಲ್ಲಿದ್ದ ಮಾತು ಎಷ್ಟು ಚಿಕ್ಕದಾಗಿತ್ತು!

"ಗೊತ್ತು. ಆವತ್ತೇ ಅಳಿಸಿದ್ರಿ, ನೋಡಿದೆ. ಆಮೇಲೆ ಕ್ಷಮೆ ಕೇಳಿಯೂ ಒಂದು ಲೇಖನ ಬರೀತೀರೇನೋ ಅಂತ ಪ್ರತಿ ಮಂಗಳವಾರ ಹೆದರ್ಕೊಂಡೇ ಬ್ಲಾಗ್ ತೆಗೀತಿದ್ದೆ. ಬರಲಿಲ್ಲ. ಬೆಕ್ಕು ಬಂತು." ಆತ ಹಲ್ಲಿನ ಪಟ್ಟಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. "ಇಷ್ಟು ದಿನ ದೀಪ ಆರಿಸಿಟ್ಟಿದ್ದೆ. ಆಗ ಗೊತ್ತಾಯ್ತು, ಆ ಬೆಳಕು ಅಪ್ಪನಿಗಷ್ಟೇ ಅಲ್ಲ, ನನಗೂ ಬೇಕಿತ್ತು ಅಂತ. ಆದ್ರೆ ಅಪ್ಪನಿಗಿರೋ ಮರೆವು ನನಗಿಲ್ಲ. ಕೋಣೆ ಖಾಲಿ ಅಂತ ಗೊತ್ತಿದ್ದೇ ಊಟ ಮಾಡ್ತೀನಿ, ಪಾತ್ರೆ ತೊಳೀತೀನಿ."

ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ.

"ಸಂಜೆ ಹೊತ್ತು ಬಂದು ಕೂತ್ಕೊಳ್ತೀರಾ? ಅಮ್ಮನ ಜಾಗದಲ್ಲಿ ಅಂತಲ್ಲ. ಅಪ್ಪನಿಗೋಸ್ಕರ ಅಂತಲೂ ಅಲ್ಲ. ಅವರಿಗೆ ಬರೀ ಬೆಳಕು ಸಾಕು. ನನಗೆ ಸಾಕಾಗ್ತಿಲ್ಲ."

ಅವಳು ಈಗ ತಿರುಗಿದಳು. ಆತನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ತನ್ನ ಕಣ್ಣ ಕೆಳಗೂ ಅಷ್ಟೇ ಕಪ್ಪಿರಬಹುದು. ಇಬ್ಬರೂ ದಣಿದವರೇ, ಅದನ್ನು ಮುಚ್ಚಿಡುವ ಕಷ್ಟ ಇನ್ನಿಲ್ಲವೆಂಬುದೇ ಒಂದು ವಿಶ್ರಾಂತಿಯಂತೆ ಅನ್ನಿಸಿತು.

"ಓದೋಕೆ ಏನಿದೆ ಮನೇಲಿ?"

"ಹಲ್ಲಿನ ಕ್ಯಾಟಲಾಗ್."

"ಹಾಗಾದ್ರೆ ನನ್ನ ಹೊಲಿಗೆ ತಂದ್ಕೊಳ್ತೀನಿ."

ಅಷ್ಟರಲ್ಲಿ ಅಕ್ಕನ ಫೋನ್. ಎಂದಿನಂತೆ ಅದೇ ಪ್ರಶ್ನೆ, ಮಂಗಳವಾರಕ್ಕೆ ಏನು?

ಮೊದಲ ಸಾಲು ಆಗಲೇ ಅವಳ ತಲೆಯಲ್ಲಿ ತಯಾರಾಗಿ ನಿಂತಿತ್ತು. ಎರಡು ತಿಂಗಳ ನಂತರ ಮತ್ತೆ ಹೊತ್ತಿಕೊಂಡ ದೀಪ... ಫೋಟೋ ಯಾವ ಕಡೆಯಿಂದ ತೆಗೆಯಬೇಕೆಂಬುದೂ ಗೊತ್ತಿತ್ತು. ಈ ವರ್ಷವಿಡೀ ಇಷ್ಟು ಒಳ್ಳೆಯ ವಿಷಯ ಸಿಕ್ಕಿರಲಿಲ್ಲ. ಅಭ್ಯಾಸಬಲದಿಂದ ಕೈ ಚೀಟಿಯ ಕಡೆ ಹೋಗಿಯೂ ಆಗಿತ್ತು.

ಚೀಟಿಯನ್ನು ಹಾಗೇ ಖಾಲಿ ಬಿಟ್ಟು, ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಇದು ಈ ಮಂಗಳವಾರಕ್ಕೂ ಬೇಡ, ಯಾವ ಮಂಗಳವಾರಕ್ಕೂ ಬೇಡ.

"ಗೋಂದು," ಎಂದಳು ಅಕ್ಕನಿಗೆ. "ಒಣಗೋಕೆ ಎಷ್ಟು ಹೊತ್ತು ಬೇಕು ಅಂತ."

ಅದನ್ನು ಯಾರು ಓದುತ್ತಾರೆ ಎಂದು ಅಕ್ಕ ನಿಟ್ಟುಸಿರು ಬಿಟ್ಟದ್ದು ಆತನಿಗೂ ಕೇಳಿಸಿತು. ಆತ ಮೆಲ್ಲನೆ ಕೈ ಎತ್ತಿದ, ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ.

ಅವಳು ಫೋನ್ ಇಟ್ಟಳು. ಮುಖದ ಮೇಲೆ ಏನು ಕಂಡಿತೋ, ಆತ ಕೇಳಿದ.

"ಏನಾಯ್ತು?"

"ಏನಿಲ್ಲ," ಎಂದು ಅವಳು ಸೂಜಿದಾರವನ್ನು ಚೀಲಕ್ಕೆ ಹಾಕಿಕೊಂಡಳು. "ನಡೀರಿ, ಕತ್ತಲಾಗೋದ್ರೊಳಗೆ ದೀಪ ಹಾಕ್ಬೇಕಲ್ಲ."