ಗಾಜಿಗೆ ಏರದ ನೀರು

"ಬೇಡ! ವೈಪರ್ ಹಾಕ್ಬೇಡಿ... ಕೈ ತೆಗೀರಿ ಅಲ್ಲಿಂದ!"

ಕಾರಿನ ಮುಂದೆ ಯಾರೋ ಎರಡೂ ಕೈ ಬೀಸುತ್ತಾ ಓಡಿಬಂದರು. ನಸ್ತಿತಿ ಬೆಚ್ಚಿ ಬ್ರೇಕ್ ಒತ್ತಿದಳು.

ಬೆಳಗಿನಿಂದ ಮೆರಾಪಿ ಎಂಬ ಬೆಂಕಿಬೆಟ್ಟ ಬೂದಿ ಉಗುಳುತ್ತಿತ್ತು. ರಸ್ತೆ, ಮರ, ಮನೆಯ ಹೆಂಚು ಎಲ್ಲಕ್ಕೂ ಒಂದೇ ಬಣ್ಣ. ಕಾರಿನ ಮುಂದಿನ ಗಾಜಿನ ಮೇಲೆ ಬೂದಿ ಪದರು ಪದರಾಗಿ ಕೂತಿತ್ತು. ಅವಳು ನೀರು ಚಿಮ್ಮಿಸುವ ಕಡ್ಡಿಯನ್ನು ಎಳೆದೂ ಎಳೆದೂ ಸೋತಿದ್ದಳು. ಒಳಗೆಲ್ಲೋ ಪಂಪು ಗುಂಯ್ ಎನ್ನುತ್ತಿತ್ತು, ನೀರು ಮಾತ್ರ ಗಾಜಿನ ಬುಡದಲ್ಲಿ ನಾಲ್ಕು ಹನಿ ಜಿನುಗಿ ನಿಂತುಬಿಡುತ್ತಿತ್ತು. ಬೇರೆ ದಾರಿ ಕಾಣದೆ ಒಣ ಗಾಜಿನ ಮೇಲೇ ವೈಪರ್ ಆಡಿಸಲು ಹೊರಟಿದ್ದಳು.

ಓಡಿಬಂದವನು ಕಿಟಕಿ ತಟ್ಟಿದ. ಮುಖಕ್ಕೆ ಬಟ್ಟೆ ಕಟ್ಟಿದ್ದ, ತಲೆಗೂದಲು ಬೂದಿಯಿಂದ ಅಜ್ಜನ ಕೂದಲಂತಾಗಿತ್ತು.

"ಒಣಬೂದಿ ಮೇಲೆ ಉಜ್ಜಿದ್ರೆ ಗಾಜಿನ ತುಂಬಾ ಗೀರು ಬೀಳುತ್ತೆ. ಆಮೇಲೆ ಏನು ಮಾಡಿದ್ರೂ ಹೋಗಲ್ಲ."

"ನೀರೇ ಬರ್ತಿಲ್ಲ, ಮಾಸ್! ಮೇಲಿನ ಹಳ್ಳೀಲಿ ಒಬ್ಬಳಿಗೆ ನೋವು ಶುರುವಾಗಿ ಎರಡು ಗಂಟೆ ಆಯ್ತು. ನಾನು ಹೋಗಲೇಬೇಕು!"

ಬೆಟ್ಟದ ಆ ಮಗ್ಗುಲಿನ ಐದು ಹಳ್ಳಿಗಳಿಗೆ ಹೆರಿಗೆ ಮಾಡಿಸುವವಳು ಅವಳೊಬ್ಬಳೇ. ಹೆಸರು ನಸ್ತಿತಿಯಾದರೂ ಜನಕ್ಕೆಲ್ಲ ಅವಳು 'ಬು ಬಿದಾನ್', ಹೆರಿಗೆಯ ಅಮ್ಮ. ಗಂಡಸರನ್ನು ಮರ್ಯಾದೆಯಿಂದ 'ಮಾಸ್' ಎನ್ನುವುದು ಅಲ್ಲಿನ ರೂಢಿ.

ಅವನು ರಸ್ತೆ ಬದಿಯ ಕಾಫಿ ಅಂಗಡಿಯಿಂದ ಎರಡು ಕ್ಯಾನು ನೀರು ಹೊತ್ತು ತಂದು, ಪಕ್ಕದ ಸೀಟಿನಲ್ಲಿ ಕೂತೇಬಿಟ್ಟ!

"ನಡೀರಿ, ಬು ಬಿದಾನ್. ನಿಮ್ಮ ಕಾರಿನ ಪಂಪು ಇವತ್ತು ನಾನೇ."

ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಅವನು ಗಾಜಿನ ಮೇಲೆ ನೀರು ಸುರಿಯುವುದು, ಅವಳು ವೈಪರ್ ಆಡಿಸುವುದು, ಒಂದಷ್ಟು ದೂರ ಹೋಗುವುದು, ಮತ್ತೆ ನೀರು... ಹೀಗೆ ಆರು ಕಿಲೋಮೀಟರು ಹತ್ತಿದರು.

ಹೆರಿಗೆ ಸುಸೂತ್ರವಾಯಿತು. ಅವಳು ಹೊರಬಂದಾಗ ಅವನು ಕಾರಿನ ಗಾಜನ್ನು ಫಳಫಳ ತೊಳೆದು ನಿಂತಿದ್ದ. ಮುಖದ ಬಟ್ಟೆ ಕೊರಳಿಗೆ ಇಳಿದಿತ್ತು.

"ಏನು ಮಗು?"

"ಹೆಣ್ಣು."

ತನ್ನದೇ ಮನೆಯ ಮಗುವೆಂಬಂತೆ ಅವನು ನಕ್ಕ. ಆ ನಗು ಕಂಡು ನಸ್ತಿತಿಗೆ ಯಾಕೋ ಕಣ್ಣು ಪಕ್ಕಕ್ಕೆ ಹೊರಳಿಸಬೇಕೆನಿಸಿತು...

ಅವನ ಹೆಸರು ಜಾತ್ಮಿಕೊ. ಮುಂತಿಲಾನ್ ಸಂತೆಬೀದಿಯ ಹಿಂದೆ ಒಂದು ಪುಟ್ಟ ಗ್ಯಾರೇಜು ಇಟ್ಟುಕೊಂಡಿದ್ದ. ಮೂರು ದಿನದ ನಂತರ ಅವಳು ಕಾರನ್ನು ಅಲ್ಲಿಗೆ ತಂದಳು.

"ಕೂತ್ಕೊಳ್ಳಿ, ಬು. ರೋಗಿಗೆ ಅವಸರ ಮಾಡಬಾರದು."

ಮೊದಲು ಗಾಜಿನ ಕೆಳಗಿನ ಚಿಮ್ಮುವ ತೂತುಗಳಿಗೆ ಸಣ್ಣ ಸೂಜಿ ಆಡಿಸಿದ. ನೀರು ಹೆಚ್ಚಲಿಲ್ಲ. ಪೈಪನ್ನು ಅಲ್ಲೇ ಕಳಚಿ ಅವಳಿಂದ ಕಡ್ಡಿ ಎಳೆಸಿದ. ಪೈಪಿನ ಬಾಯಲ್ಲೂ ಅದೇ ಬಡಕಲು ಧಾರೆ.

"ಹಾಗಿದ್ರೆ ತೂತಿಂದು ತಪ್ಪಿಲ್ಲ. ಪೈಪು ಎಲ್ಲೂ ಮಡಚಿಲ್ಲ, ಸೀಳಿಲ್ಲ. ಪಂಪು ಕೂಗ್ತಿದೆ, ಅಂದ್ರೆ ಜೀವ ಇದೆ. ಗಂಟಲು ಕಟ್ಟಿದೆ ಅಷ್ಟೇ."

ನೀರಿನ ಡಬ್ಬಿಯ ತಳದಲ್ಲಿ ಪಂಪಿನ ಬಾಯಿಗೆ ಒಂದು ಸಣ್ಣ ಜಾಲರಿ ಇತ್ತು. ಅದನ್ನು ಎಳೆದಾಗ ಕಂದು ಬಣ್ಣದ ಲೋಳೆ ಕೈಗೆ ಬಂತು.

"ಬರೀ ನೀರು ನಿಂತು ಬಿಸಿಲಿಗೆ ಪಾಚಿ ಕಟ್ಟಿರ್ಬೇಕು," ಎಂದ.

ಅವನು ಪೈಪಿನ ಪ್ರತಿ ತುದಿಯನ್ನೂ ಬಾಯಿಂದ ಊದಿ, ತೊಳೆದು, ಮತ್ತೆ ಊದಿ ನೋಡುತ್ತಿದ್ದ. ಆ ತಾಳ್ಮೆಯನ್ನು ನೋಡುತ್ತಾ ನಸ್ತಿತಿ ಎರಡು ಲೋಟ ಶುಂಠಿ ಕಾಫಿ ಕುಡಿದಳು. ಕೊನೆಗೆ ನೀರು ಗಾಜಿನ ನೆತ್ತಿ ದಾಟಿ ಸೂರಿನ ಮೇಲೆ ಹಾರಿದಾಗ ಇಬ್ಬರೂ ಮಕ್ಕಳಂತೆ ನಕ್ಕರು!

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ಅವಳ ಕಾರಿನ ಚಕ್ರಕ್ಕೆ ಗಾಳಿ ಕಡಿಮೆಯಾಗತೊಡಗಿತು. ಗಾಳಿ ಸರಿಯಾಗಿಯೇ ಇದೆ ಎಂದು ಇಬ್ಬರಿಗೂ ಗೊತ್ತಿತ್ತು.

ಆದರೂ ಅವಳೊಳಗೆ ಒಂದು ಹಳೆಯ ಹೆದರಿಕೆ ಇತ್ತು. ಮೂರು ವರ್ಷದ ಹಿಂದೆ ಒಬ್ಬ ಅವಳನ್ನು ಮದುವೆಯಾಗುತ್ತೇನೆಂದು ಎರಡು ವರ್ಷ ಕಾಯಿಸಿದ್ದ. ಅವನಿಗೆ ಸೆಮರಾಂಗಿನಲ್ಲಿ ಹೆಂಡತಿ ಇದ್ದಾಳೆಂದು ಕೊನೆಗೆ ತಿಳಿಯಿತು. ಬಡವನಾದರೂ ಸರಿ, ಒರಟನಾದರೂ ಸರಿ... ಮುಚ್ಚಿಡುವವನು ಮಾತ್ರ ಬೇಡ. ಹಾಗೆಂದು ಅಂದೇ ಮನಸ್ಸಿನಲ್ಲಿ ಗೆರೆ ಎಳೆದಿದ್ದಳು.

ಐದು ವಾರ ಕಳೆಯಿತು. ನೀರು ಮತ್ತೆ ಸೋತಿತು.

ಜಾತ್ಮಿಕೊ ಜಾಲರಿ ಎಳೆದ. ಅಂಗೈಯಲ್ಲಿ ಬಂದದ್ದನ್ನು ನೋಡಿದ. ಅವನ ಮುಖ ಒಂದು ಕ್ಷಣ ಬದಲಾಯಿತು, ತಕ್ಷಣ ಮುಷ್ಟಿ ಮುಚ್ಚಿದ.

"ಏನದು, ಮಾಸ್?"

"ಏನಿಲ್ಲ, ಬು... ಕಸ."

ಸಂಜೆ ಅವನೇ ಕಾರನ್ನು ಅವಳ ಮನೆಗೆ ತಂದು ಬಿಟ್ಟ. ಮನೆಯಲ್ಲಿ ಅವಳನ್ನು ಸಾಕಿದ ಅಜ್ಜಿ ಒಬ್ಬರೇ ಇದ್ದರು. ಅಜ್ಜಿಯನ್ನು ಅವಳು 'ಎಯಾಂಗ್' ಎಂದು ಕರೆಯುತ್ತಿದ್ದಳು. ನಸ್ತಿತಿ ಸ್ನಾನ ಮುಗಿಸಿ ಬರುವಾಗ ಎಯಾಂಗೂ ಜಾತ್ಮಿಕೊನೂ ಕಾರಿನ ಬಳಿ ಪಿಸುಗುಡುತ್ತಿದ್ದರು. ಅವಳನ್ನು ಕಂಡದ್ದೇ ಇಬ್ಬರೂ ಬಾಯಿ ಮುಚ್ಚಿದರು. ಡಬ್ಬಿಯ ಬಾಯಿಗೆ ಟೀ ಸೋಸುವಂಥ ಒಂದು ಪುಟ್ಟ ಜರಡಿ ಕೂರಿಸಿದ್ದೇನೆ ಎಂದಷ್ಟೇ ಹೇಳಿ ಅವನು ಹೊರಟುಹೋದ.

ಮತ್ತೆ ಐದು ವಾರ. ಮತ್ತೆ ಅದೇ ನಾಲ್ಕು ಹನಿ!

ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ಬು ತುತಿಕ್ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಪೆದ್ದಿ! ಜರಡಿ ಹಾಕಿದ ಮೇಲೂ ಕಟ್ಟುತ್ತೆ ಅಂದ್ರೆ? ಅವನೇ ಏನೋ ತುರುಕಿ ಕಳಿಸ್ತಾನೆ ಕಣೇ. ನೀನು ತಿರುಗಿ ಬರಲಿ ಅಂತ!"

ಅದು ತಮಾಷೆಯ ಮಾತು. ಆದರೆ ನಸ್ತಿತಿ ಬಸುರಿಯರ ದಿನ ಲೆಕ್ಕ ಹಾಕುವ ತನ್ನ ಡೈರಿ ತೆಗೆದಳು. ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಮೂವತ್ತೈದು ದಿನ. ಎರಡನೆಯದಕ್ಕೂ ಮೂರನೆಯದಕ್ಕೂ... ಮೂವತ್ತೈದು!

ಪಾಚಿಗೆ ಪಂಚಾಂಗ ಗೊತ್ತಿರುತ್ತಾ?

ಅವಳು ನೇರ ಗ್ಯಾರೇಜಿಗೆ ಹೋದಳು.

"ಮಾಸ್, ಒಂದೇ ಮಾತು ಕೇಳ್ತೀನಿ. ನನ್ನ ಕಾರಿನ ನೀರು ಯಾಕೆ ನಿಲ್ಲುತ್ತೆ ಅಂತ ನಿಮಗೆ ಗೊತ್ತಾ?"

ಅವನು ಕೈ ಒರೆಸಿಕೊಂಡ. ತಲೆ ತಗ್ಗಿಸಿದ.

"ಗೊತ್ತು."

"ಹೇಳಿ."

"ಹೇಳೋಕಾಗಲ್ಲ, ಬು."

ಇಲ್ಲ ಎಂದಿದ್ದರೆ ನಂಬುತ್ತಿದ್ದಳೇನೋ... ಮತ್ತೆ ಅದೇ ಮುಚ್ಚಿಡುವ ಗಂಡಸು. ಮತ್ತೆ ಅದೇ ಪೆದ್ದಿ ತಾನು.

"ನಾನು ಬರಬೇಕು ಅಂತಿದ್ರೆ ಬಾ ಅಂದಿದ್ರೆ ಸಾಕಿತ್ತು. ನನ್ನ ಕಾರು ಕೆಡಿಸಬೇಕಿತ್ತಾ? ಬೂದಿ ಬೀಳೋ ದಿನ ನಾನು ಆ ಕಾರಲ್ಲಿ ಹೋಗೋದು ಎರಡು ಜೀವದ ಹತ್ತಿರ, ಮಾಸ್. ಎರಡು ಜೀವ!"

ಅವನ ಕಣ್ಣಲ್ಲಿ ಏನೋ ಒಡೆದಂತೆ ಕಂಡಿತು. ಅವನು ಜಾಲರಿ ತೊಳೆದು, ನೀರು ಪರೀಕ್ಷಿಸಿ, ಕೀಲಿಯನ್ನು ಅವಳ ಕೈಗಿಟ್ಟ.

"ಮುಂದಿನ ಸಲ ಬೇರೆ ಕಡೆ ತೋರಿಸಿ, ಬು. ನನ್ನ ಮೇಲೆ ನಂಬಿಕೆ ಇಲ್ಲದ ಗಾಡಿ ನನ್ನ ಕೈಲಿ ರಿಪೇರಿ ಆಗಲ್ಲ."

ಮಂಗಳವಾರಗಳು ಬಂದವು, ಹೋದವು. ಅವಳು ಸಂತೆಬೀದಿ ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ಹೋಗುತ್ತಿದ್ದಳು.

ಅದೇ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಪತ್ರ ಬಂತು. ಮಗೆಲಾಂಗ್ ನಗರದ ದೊಡ್ಡ ಆಸ್ಪತ್ರೆಯಲ್ಲಿ ಜಾಗ ಖಾಲಿಯಿದೆ, ಬರುವುದಾದರೆ ಶುಕ್ರವಾರದೊಳಗೆ ಸಹಿ ಮಾಡಿ ತಿಳಿಸಿ. ಎರಡು ತಿಂಗಳ ಹಿಂದೆ ಬಂದಿದ್ದರೆ ಅವಳು ಪತ್ರವನ್ನು ಮಡಚಿ ಇಡುತ್ತಿದ್ದಳು. ಈಗ ಇಲ್ಲಿ ಯಾರಿದ್ದಾರೆ? ಹೋಗಿಬಿಡೋಣ. ಎಯಾಂಗನ್ನೂ ಕರೆದುಕೊಂಡು ಹೋಗೋಣ.

ಗುರುವಾರ ಸಂಜೆ, ಸಹಿ ಮಾಡಿಯೇಬಿಡಬೇಕೆಂದು ಬೇಗ ಮನೆಗೆ ಬಂದಳು. ಕಾರು ನಿಲ್ಲಿಸಿ, ಒಳಗೆ ಹೋಗಿ ಪೆನ್ನು ಹುಡುಕಿದಳು. ಪೆನ್ನು ಕಾರಿನಲ್ಲೇ ಉಳಿದಿತ್ತು. ಹೊರಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ಕಾರಿನ ಬಾನೆಟ್ ತೆರೆದಿತ್ತು. ಎಪ್ಪತ್ತೆಂಟು ವರ್ಷದ ಎಯಾಂಗ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುದಿಗಾಲಲ್ಲಿ ನಿಂತು, ಹಿತ್ತಾಳೆ ಚೊಂಬಿನಿಂದ ನೀರಿನ ಡಬ್ಬಿಗೆ ಏನೋ ಸುರಿಯುತ್ತಿದ್ದರು. ಚೊಂಬಿನ ತುಂಬ ಗುಲಾಬಿ, ಮಲ್ಲಿಗೆ, ಕೆನಾಂಗ ಹೂವಿನ ಎಸಳು. ಪಕ್ಕದಲ್ಲಿ ಕಿತ್ತಿಟ್ಟ ಪುಟ್ಟ ಜರಡಿ!

"ಎಯಾಂಗ್!"

ಅಜ್ಜಿ ಬೆಚ್ಚಿದರು. ಚೊಂಬನ್ನು ಬೆನ್ನ ಹಿಂದೆ ಅಡಗಿಸಿದರು.

"ಯಾಕೆ ಹಾಗೆ ಕಿರುಚ್ತೀಯಾ? ನಾನೇನು ಕಳ್ಳೀನಾ?"

"ಇದೇನು ಮಾಡ್ತಿದ್ದೀರಾ?"

"ನಾಳೆ ಕ್ಲಿವೊನ್ ಶುಕ್ರವಾರ ಅಲ್ವಾ..." ಅಜ್ಜಿ ಗೊಣಗಿದರು. "ನಿಮ್ಮಜ್ಜ ನಲವತ್ತು ವರ್ಷ ಬೆಟ್ಟದಿಂದ ಮರಳು ಲಾರಿ ಇಳಿಸಿದ್ರು. ಪ್ರತಿ ಕ್ಲಿವೊನ್ ಶುಕ್ರವಾರಕ್ಕೆ ಲಾರಿಗೆ ಹೂನೀರಿನ ಸ್ನಾನ. ಒಂದು ಗೀರು ಬಿತ್ತಾ? ನೀನು ನೋಡಿದ್ರೆ ಬಣ್ಣ ಹಾಳಾಗುತ್ತೆ, ಕಾರಿನ ಮೇಲೆ ಹಾಕ್ಬೇಡ ಅಂದೆ. ಸರಿ, ಮೇಲೆ ಹಾಕಲಿಲ್ಲ. ಈ ಮುಚ್ಚಳದ ಮೇಲೆ ನೀರು ಚಿಮ್ಮೋ ಚಿತ್ರ ಇದೆ, ನೋಡು. ಕಾರೇ ಬಾಯಿಬಿಟ್ಟು ಕೇಳ್ತಿದೆ!"

ಕ್ಲಿವೊನ್ ಶುಕ್ರವಾರ... ಐದು ದಿನದ ಸಂತೆವಾರವೂ ಏಳು ದಿನದ ವಾರವೂ ಒಂದಾಗುವ ದಿನ. ಮೂವತ್ತೈದು ದಿನಕ್ಕೊಮ್ಮೆ ಬರುವ ದಿನ!

ನಸ್ತಿತಿ ಗೋಡೆಗೆ ಒರಗಿದಳು. ಎಷ್ಟು ಎಳೆಗೂಸುಗಳಿಗೆ ಮೂವತ್ತೈದನೇ ದಿನದ ಪೂಜೆಯೂಟ ಉಂಡಿದ್ದಾಳೆ ಅವಳು! ಡೈರಿಯಲ್ಲಿ ಆ ಅಂಕಿ ಕಂಡಾಗ ಇದೊಂದು ಹೊಳೆಯಲಿಲ್ಲವಲ್ಲ...

"ಎಯಾಂಗ್, ಆ ಜರಡಿ ಯಾಕೆ ತೆಗೆದ್ರಿ?"

"ಅಡ್ಡ ಇತ್ತು. ಹೂವು ಒಳಗೆ ಹೋಗ್ತಿರಲಿಲ್ಲ."

"ಮಾಸ್ ಜಾತ್ಮಿಕೊಗೆ ಇದೆಲ್ಲ ಗೊತ್ತಾ?"

ಅಜ್ಜಿಯ ದನಿ ಸಣ್ಣದಾಯಿತು.

"ಪಾಪ, ಅವನು ಎಸಳು ಸಿಕ್ಕಿದ ದಿನವೇ ಬಂದು ಕೇಳಿದ. ನಾನೇ ಆಣೆ ಹಾಕಿಸ್ಕೊಂಡೆ. ನೀನು ಓದಿದವಳು, ಗೊತ್ತಾದ್ರೆ ನಿಲ್ಲಿಸ್ತೀಯಾ. ನೀನು ಆ ಬೆಟ್ಟ ಹತ್ತಿದ ದಿನ ನನ್ನ ಜೀವ ನನ್ನ ಹತ್ತಿರ ಇರಲ್ಲ ಕಣೇ... ಹೂನೀರು ಹಾಕಿದ್ರೆ ಒಂದಿಷ್ಟು ಧೈರ್ಯ. ಹಾಗಂದಿದ್ದಕ್ಕೆ ಆ ಹುಡುಗ ಏನಂದ ಗೊತ್ತಾ? ನೀವು ಹಾಕಿ ಎಯಾಂಗ್, ತೊಳೆಯೋದು ನನ್ನ ಕೆಲಸ ಅಂದ."

ನಸ್ತಿತಿ ಎಯಾಂಗನ್ನು ಬಿಗಿಯಾಗಿ ಅಪ್ಪಿಕೊಂಡಳು. ಕಣ್ಣೀರು ತಾನಾಗಿ ಇಳಿಯಿತು.

'ಕಾರು ಕೆಡಿಸಿದೆ ಅಂದೆನಲ್ಲ ಅವನಿಗೆ... ಒಂದು ಮಾತು ಹೇಳಿದ್ದರೆ ತಪ್ಪಿಸಿಕೊಳ್ಳುತ್ತಿದ್ದ. ಹೇಳಲಿಲ್ಲ.'

"ಇನ್ಮೇಲೆ ಚಕ್ರಕ್ಕೆ ಹಾಕೋಣ, ಎಯಾಂಗ್. ನಾಲ್ಕೂ ಚಕ್ರಕ್ಕೆ. ನಾನೇ ಚೊಂಬು ಹಿಡಿತೀನಿ."

"ಮೊದಲೇ ಹೀಗೆ ಹೇಳಿದ್ರೆ ನಾನ್ಯಾಕೆ ಕದ್ದು ಹಾಕ್ತಿದ್ದೆ?" ಎಂದರು ಅಜ್ಜಿ, ಮುನಿಸಿನಿಂದಲೇ.

ಮರುದಿನ ಬೆಳಿಗ್ಗೆ ಜಾತ್ಮಿಕೊ ಗ್ಯಾರೇಜಿನ ಬಾಗಿಲು ತೆರೆಯುವಾಗ ಎದುರಿಗೆ ಅವಳು ನಿಂತಿದ್ದಳು. ಕಾರು ತಂದಿರಲಿಲ್ಲ.

"ಬು ಬಿದಾನ್? ಗಾಡಿ ಎಲ್ಲಿ?"

"ಗಾಡಿ ಚೆನ್ನಾಗಿದೆ. ಕೆಟ್ಟಿದ್ದು ನನ್ನ ಬಾಯಿ. ನಿನ್ನೆ ಎಯಾಂಗ್ ಚೊಂಬಿನ ಸಮೇತ ಸಿಕ್ಕಿಬಿದ್ರು."

ಅವನು ನಿಟ್ಟುಸಿರು ಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, "ಅವರನ್ನ ಬೈದ್ರಾ?"

ಇಷ್ಟಾದ ಮೇಲೂ ಅವನ ಮೊದಲ ಚಿಂತೆ ಅದು! ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

"ಇಲ್ಲ. ನಿಮ್ಮನ್ನ ಬೈದೆನಲ್ಲ, ಅದೇ ಸಾಕು. ಕ್ಷಮಿಸಿ, ಮಾಸ್..."

"ನನ್ನದೂ ತಪ್ಪಿದೆ. ಬೂದಿ ಬಿದ್ದ ದಿನ ನೀವು ದಾರೀಲಿ ನಿಂತ್ರೆ ಅಂತ ನನಗೂ ಭಯ ಇತ್ತು. ಅದಕ್ಕೇ ಕ್ಲಿವೊನ್ ಕಳೆದ ಮಂಗಳವಾರ ಗಾಳಿ ನೋಡೋ ನೆಪದಲ್ಲಿ ಜಾಲರಿ ತೊಳೀಬೇಕು ಅಂದ್ಕೊಂಡಿದ್ದೆ. ಅಷ್ಟರಲ್ಲಿ ನೀವೇ..."

"ಮಾಸ್, ನನಗೆ ಒಂದೇ ಹೆದರಿಕೆ. ನನ್ನಿಂದ ಏನಾದ್ರೂ ಮುಚ್ಚಿಟ್ರೆ ನಾನು ತಡ್ಕೊಳ್ಳಲ್ಲ. ಇನ್ನೇನಾದ್ರೂ ಇದ್ರೆ ಈಗಲೇ ಹೇಳಿಬಿಡಿ."

ಜಾತ್ಮಿಕೊ ತಲೆ ತಗ್ಗಿಸಿದ. ಕಿವಿ ಕೆಂಪಾಯಿತು.

"ಒಂದಿದೆ. ಜಾಲರಿ ತೊಳೆಯೋದು ಹದಿನೈದು ನಿಮಿಷದ ಕೆಲಸ, ಬು. ನಾನು... ಎರಡು ಗಂಟೆ ಎಳೆದೆ. ಪ್ರತಿ ಸಲ."

"ಅದು ನನಗೆ ಮೊದಲ ದಿನವೇ ಗೊತ್ತಿತ್ತು. ನೋವಿನ ಮಧ್ಯೆ ನಿಮಿಷ ಎಣಿಸೋಳು ನಾನು."

"ಮತ್ತೆ ಸುಮ್ಮನಿದ್ರಿ?"

"ಕಾಫಿ ಚೆನ್ನಾಗಿತ್ತು."

ಅವನು ತಲೆ ಎತ್ತಿದ. ಅವಳು ಈ ಸಲ ಕಣ್ಣು ಹೊರಳಿಸಲಿಲ್ಲ.

"ನೀವು ಮಗೆಲಾಂಗಿಗೆ ಹೋಗ್ತೀರಿ ಅಂತ ಬು ತುತಿಕ್ ಹೇಳಿದ್ರು," ಎಂದ ಅವನು, ಒಣಗಿದ ದನಿಯಲ್ಲಿ. "ಹೋಗ್ಬೇಡಿ ಅನ್ನೋಕೆ ನಾನ್ಯಾರು ಅಂತ ಒಂದು ವಾರದಿಂದ ಕೇಳ್ಕೊಳ್ತಿದ್ದೀನಿ. ಉತ್ತರ ಸಿಕ್ಕಿಲ್ಲ. ಆದ್ರೂ ಹೇಳ್ತೀನಿ... ಹೋಗ್ಬೇಡಿ, ನಸ್ತಿತಿ. ನೀವಿಲ್ಲದ ಮಂಗಳವಾರ ನನಗೆ ಬೇಡ."

ಯಾರೂ ಕರೆಯದ ಅವಳ ಹೆಸರು ಅವನ ಬಾಯಲ್ಲಿ ಎಷ್ಟು ಮೆತ್ತಗಿತ್ತು!

"ಬರೋದಿಲ್ಲ ಅಂತ ಬರೆದು, ಬರೋ ದಾರೀಲೇ ಕಚೇರಿಗೆ ಕೊಟ್ಟು ಬಂದೆ," ಎಂದಳು ಅವಳು. "ಭಾನುವಾರ ನಿಮ್ಮ ಮನೆ ಹಿರಿಯರನ್ನ ಕರ್ಕೊಂಡು ಮನೆಗೆ ಬನ್ನಿ. ಕೇಳೋದನ್ನ ಎಯಾಂಗ್ ಹತ್ತಿರ ಕೇಳಿ."

"ಹೆಣ್ಣು ಕೇಳೋಕೆ ಬರೋರು ರಾಜಬಾಳೆ ಗೊನೆ ತರ್ತಾರಲ್ವಾ? ಒಂದು ಸಾಕಾ, ಎರಡು ತರ್ಲಾ?"

"ಎರಡು ತನ್ನಿ. ಎಯಾಂಗ್ ಬಾಗಿಲಲ್ಲೇ ಊಟ ಆಯ್ತಾ ಅಂತ ಕೇಳ್ತಾರೆ. ಆಗಿದ್ರೂ ಇಲ್ಲ ಅನ್ನಿ."

"ಸುಳ್ಳು ಹೇಳ್ಲಾ? ಈಗಷ್ಟೇ ಮುಚ್ಚಿಡಬೇಡಿ ಅಂದ್ರಲ್ಲ!"

"ಹಾಗಿದ್ರೆ ಹಸಿದುಕೊಂಡೇ ಬನ್ನಿ," ಎಂದಳು ನಸ್ತಿತಿ. "ಅಡುಗೆ ನಂದು."