ಪರೀಕ್ಷಾ ಯಂತ್ರದ ಮೇಲಿನ ಹಸಿರು ಪೊಟ್ಟಣ

"ಅಕ್ಕಾ, ನನ್ನ ಬೋರ್ಡು ಕಾಣ್ತಿಲ್ಲ! ಮಧ್ಯಾಹ್ನ ವ್ಯಾನು ಹೊರಡೋದ್ರೊಳಗೆ ಸಿಗದಿದ್ರೆ ನನ್ನ ಕೆಲಸಾನೇ ಹೋಯ್ತು!"

ಕಿರಿಯ ಎಂಜಿನಿಯರ್ ಪೇಯಿನ್ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. ಗುಣಪರೀಕ್ಷೆ ವಿಭಾಗದ ಮುಖ್ಯಸ್ಥೆ ಮೆಯ್‌ಫಂಗ್ ಅಕ್ಕ ಆಗತಾನೇ ತೆರೆದ ಊಟದ ಡಬ್ಬಿಯನ್ನು ಮತ್ತೆ ಮುಚ್ಚಿದರು. ಅದನ್ನು ಕಂಡು ಅವರ ಸಹಾಯಕ ಬೋಹಾನ್‌ಗೆ ಒಳಗೊಳಗೇ ಖುಷಿಯಾಯಿತು. ಶಿಂಚು ನಗರದ ಆ ಎಲೆಕ್ಟ್ರಾನಿಕ್ಸ್ ಕಂಪನಿಯ ಕಟ್ಟಡದಲ್ಲಿ ಕೊಡೆ ಕಳೆದರೂ, ಡಬ್ಬಿಯಿಂದ ಬೇಯಿಸಿದ ಮೊಟ್ಟೆ ಮಾಯವಾದರೂ ಜನ ಓಡಿಬರುತ್ತಿದ್ದುದು ಅಕ್ಕನ ಬಳಿಗೇ. ಅಕ್ಕ ಊಟ ಬಿಟ್ಟು ಎದ್ದರೆಂದರೆ ಕಳ್ಳನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

ಕಳೆದದ್ದು ಅಂಗೈಗಿಂತ ಚಿಕ್ಕದಾದ ಸರ್ಕ್ಯೂಟ್ ಬೋರ್ಡು. ಕೈ ನಡುಗುವವರು ಚೆಲ್ಲದೆ ಸೂಪು ಕುಡಿಯಬಲ್ಲ ಚಮಚಕ್ಕಾಗಿ ಪೇಯಿನ್ ಅದನ್ನು ವಿನ್ಯಾಸ ಮಾಡಿದ್ದಳು. ಮರುದಿನ ತೈಪೆಯ ಪ್ರದರ್ಶನದಲ್ಲಿ ಅದು ಸುದ್ದಿಯಾಗಬೇಕಿತ್ತು. ಪರೀಕ್ಷಾ ಯಂತ್ರದ ಪಕ್ಕದಲ್ಲಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಇಲ್ಲ!

ಪ್ರಯೋಗಾಲಯದಲ್ಲಿ ಮಾಲೀಕ ತೂ ಶತಪಥ ಹಾಕುತ್ತಿದ್ದರು. "ಕಪಾಟು, ಕಸದ ಬುಟ್ಟಿ, ಎಲ್ಲರ ಚೀಲ, ಜೇಬು ಎಲ್ಲಾ ಜಾಲಾಡಿದ್ವಿ. ಯಾರೂ ಹೊರಗೆ ಹೋಗಿಲ್ಲ. ಬೋರ್ಡಿಗೇನು ರೆಕ್ಕೆ ಬಂತಾ?"

"ಈಗಿನ ಹುಡುಗೀರಿಗೆ ಜವಾಬ್ದಾರಿ ಎಲ್ಲಿದೆ?" ಎಂದರು ಹಿರಿಯ ಎಂಜಿನಿಯರ್ ಕಾಂಗ್. ಪೇಯಿನ್‌ಗೆ ಬೆಸುಗೆ ಹಾಕಲು ಕಲಿಸಿದವರೇ ಅವರು. "ಇರಲಿ, ನನ್ನ ಹಳೇ ಬೋರ್ಡು ಪ್ಯಾಕ್ ಮಾಡಿ ಇಟ್ಟಿದೀನಿ. ಪ್ರದರ್ಶನಕ್ಕೆ ಅದೇ ಹೋಗ್ಲಿ."

ಅಕ್ಕ ಯಂತ್ರಗಳ ಸುತ್ತ ನಡೆದರು. ಅಲ್ಲಿನ ಪ್ರತಿ ಯಂತ್ರದ ತಲೆಯ ಮೇಲೂ ತೆಂಗಿನ ರುಚಿಯ ಕುರುಕಲು ತಿಂಡಿಯ ಹಸಿರು ಪೊಟ್ಟಣ ಕೂತಿತ್ತು. ಅದಿದ್ದರೆ ಯಂತ್ರ ಹಟ ಮಾಡುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಹಳದಿ ಪೊಟ್ಟಣ ಇಟ್ಟರೆ ಕೆಟ್ಟಿತು, ಹಸಿರನ್ನು ತಿಂದರಂತೂ ಕತೆ ಮುಗಿಯಿತು. "ತಿಂಡಿ ಕಂಡರೆ ಯಂತ್ರ ಬಾಲ ಅಲ್ಲಾಡಿಸುತ್ತಾ?" ಎಂದು ವರ್ಷವಿಡೀ ಗೇಲಿ ಮಾಡುತ್ತಿದ್ದವರು ಕಾಂಗ್ ಒಬ್ಬರೇ. ಪರೀಕ್ಷಾ ಯಂತ್ರದ ಮೇಲಿನ ಪೊಟ್ಟಣ ಮಾತ್ರ ಉಬ್ಬಿರದೆ ಸೊರಗಿತ್ತು. ಹಳತಿರಬೇಕು ಎಂದುಕೊಂಡ ಬೋಹಾನ್.

"ಹಸಿವು ತಡೆಯೋಕಾಗ್ತಿಲ್ಲ ಕಣೋ ಬೋಹಾನ್, ಇದನ್ನೇ ತಿಂದುಬಿಡ್ಲಾ?" ಎನ್ನುತ್ತ ಅಕ್ಕ ಅದಕ್ಕೆ ಕೈ ಚಾಚಿದರು.

"ಅಯ್ಯೋ, ಮುಟ್ಟಬೇಡಿ! ಯಂತ್ರ ಕೆಟ್ಟುಹೋಗುತ್ತೆ!" ಕಾಂಗ್ ಕಿರುಚಿದರು.

ಅಕ್ಕ ಕೈ ಹಿಂತೆಗೆದು ನಕ್ಕರು. "ಬೋಹಾನ್, ಎಲ್ಲರನ್ನೂ ಕರಿ. ಕತ್ತರೀನೂ ತಗೊಂಡು ಬಾ."

ಎಲ್ಲರೂ ಯಂತ್ರದ ಸುತ್ತ ನೆರೆದರು. ಅಕ್ಕ ಶುರುಮಾಡಿದರು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು ನಮ್ಮ ಕತೆ. ಬೋರ್ಡು ಹೊರಗೆ ಹೋಗಿಲ್ಲ ಅಂದ್ಮೇಲೆ ಒಳಗೇ ಇರಬೇಕು. ನೀವು ಎಲ್ಲಾ ಕಡೆ ಕೈ ಹಾಕಿದ್ರಿ, ಒಂದು ವಸ್ತು ಬಿಟ್ಟು. ನಮ್ಮಲ್ಲಿ ಯಾರೂ ಮುಟ್ಟೋಕೆ ಹೆದರೋ ವಸ್ತು."

"ಪೊಟ್ಟಣ!" ಎಂದ ಬೋಹಾನ್.

"ಉಬ್ಬಿರಬೇಕಾದ ಪೊಟ್ಟಣ ಸೊರಗಿದೆ ಅಂದ್ರೆ ಯಾರೋ ಬಿಚ್ಚಿ ಮತ್ತೆ ಮುಚ್ಚಿದಾರೆ. ಯಾವುದರಿಂದ? ಅಂಚು ನೋಡಿ, ಕಾದ ಬೆಸುಗೆ ಕಡ್ಡಿ ಎಳೆದು ಅಂಟಿಸಿದ ಗೆರೆ. ಕೂದಲಿನಷ್ಟು ಸಣ್ಣ, ಎಲ್ಲೂ ಸೊಟ್ಟ ಇಲ್ಲ. ಪೇಯಿನ್, ಇದು ಯಾರ ಕೈಯಮ್ಮಾ?"

ಪೇಯಿನ್ ತಲೆ ತಗ್ಗಿಸಿದಳು. "ನಂಗೆ ಕಲಿಸಿದ ಕೈ ಅಕ್ಕಾ."

"ಕಳ್ಳತನ ಆದ ಕೂಡ್ಲೇ ಬದಲಿ ಬೋರ್ಡು ಪ್ಯಾಕ್ ಆಗಿ ಕೂತಿದ್ದು ಯಾರದ್ದು? ಇಷ್ಟಾದ್ರೂ ನಂಗೆ ಪೂರ್ತಿ ಖಾತ್ರಿ ಇರಲಿಲ್ಲ. ಅದಕ್ಕೇ ತಿಂತೀನಿ ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು ನಮ್ಮ ಕಾಂಗ್. ಹುಟ್ಟಾ ನಾಸ್ತಿಕರು, ಒಂದೇ ಗಳಿಗೇಲಿ ಪರಮಭಕ್ತರಾಗಿಬಿಟ್ರು!"

ಅಕ್ಕ ಪೊಟ್ಟಣ ಕತ್ತರಿಸಿದರು. ಕುರುಕಲಿನ ನಡುವಿನಿಂದ ಬೆಳ್ಳಿಬಣ್ಣದ ಚೀಲದಲ್ಲಿ ಸುತ್ತಿದ ಬೋರ್ಡು ಹೊರಬಂತು. ಪೇಯಿನ್ ಅದನ್ನು ಯಂತ್ರಕ್ಕೆ ಜೋಡಿಸಿದಳು. ಹಸಿರು ದೀಪ ಹತ್ತಿತು. ಎಲ್ಲರೂ ಕೇಕೆ ಹಾಕಿದರು.

ಕಾಂಗ್ ಮುಖ ಬಾಡಿಹೋಯಿತು. "ಪ್ರದರ್ಶನ ಮುಗಿದ ಕೂಡ್ಲೇ ವಾಪಸ್ ಇಡ್ತಿದ್ದೆ. ಒಂದ್ಸಲ, ಒಂದೇ ಒಂದ್ಸಲ ನನ್ನದೂ ಜನ ನೋಡ್ಲಿ ಅಂತ..."

"ಅವಳ ಅನ್ನಕ್ಕೇ ಕಲ್ಲು ಹಾಕ್ತಿದ್ರಲ್ರೀ!" ಮಾಲೀಕರು ಗುಡುಗಿದರು. "ಪೇಯಿನ್, ಇವರನ್ನ ಏನ್ ಮಾಡೋಣ, ನೀನೇ ಹೇಳು."

ಪೇಯಿನ್ ಕಣ್ಣೊರೆಸಿಕೊಂಡಳು. ಅವಳಿಗೆ ಸಿಟ್ಟೂ ಇತ್ತು, ಅಯ್ಯೋ ಅಂತಲೂ ಅನ್ನಿಸಿತು. "ನಮ್ಮ ಜೊತೆ ತೈಪೆಗೆ ಬರ್ಲಿ ಸರ್. ಬಂದವರಿಗೆಲ್ಲಾ ನನ್ನ ಬೋರ್ಡಿನ ವಿಷಯ ಅವರೇ ವಿವರಿಸ್ಲಿ. ಬೆಸುಗೆ ಕಲಿಸಿದ್ದು ಇವರೇ ಅಂತ ನಾನೂ ಹೇಳ್ತೀನಿ."

ವ್ಯಾನು ಹೊರಡುವಾಗ ಬೋಹಾನ್ ಕಿಟಕಿಯಲ್ಲಿ ಇಣುಕಿದ. ಹಿಂದಿನ ಸೀಟಿನಲ್ಲಿ ಕಾಂಗ್ ಹೊಸ ಹಸಿರು ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದು ಕೂತಿದ್ದರು.

"ನಿಧಾನ ಓಡಿಸಪ್ಪಾ," ಅವರು ಚಾಲಕನಿಗೆ ಹೇಳುತ್ತಿದ್ದರು, "ಇದು ನಜ್ಜುಗುಜ್ಜಾದ್ರೆ ಹುಡುಗಿ ಬೋರ್ಡು ಕೈಕೊಡುತ್ತೆ."