ನೀರು ಹಾಕಿದ ಚೂರಿ

ಕಂಬಾರ ಮಾರೆಣ್ಣನ ಹೆಂಡತಿ ವೆಂಕಮ್ಮ ಖಾನಾವಳಿಯ ಬಾಗಿಲಿಗೆ ಬಂದಾಗ ಹುಸೇನಮ್ಮ ಒಂದು ಚೂರಿಯ ಜೊತೆ ಜಗಳಕ್ಕೆ ಬಿದ್ದಿದ್ದಳು. ಹೊಸ ಚೂರಿ. ವಾರದ ಹಿಂದೆ ಆದೋನಿ ಬಜಾರಿನಲ್ಲಿ ಯಂಕಣ್ಣನ ಕಬ್ಬಿಣದ ಅಂಗಡಿಯಲ್ಲಿ ಕೊಂಡದ್ದು. ಸೋರೆಕಾಯಿಗೆ ಇಟ್ಟು ಒತ್ತಿದರೆ ಅದರ ತುದಿ ನಾಯಿಯ ನಾಲಿಗೆಯಂತೆ ಪಕ್ಕಕ್ಕೆ ಹೊರಳಿತು.

"ನೋಡ್ರಿ ರೈಟ್ರೇ," ಎಂದು ಅದನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಹತ್ತಿ ಅಂಡಿಗಿಗೆ ಬಿಗೀತಾರಲ್ಲ, ಆ ಪಟ್ಟಿ ಕತ್ತರಿಸಿ ಮಾಡ್ಯಾರ. ಮೆತ್ತನ ಕಬ್ಬಿಣ. ಮಸದ್ರ ಒಂದು ಉಳ್ಳಾಗಡ್ಡಿಗೆ ಬರ್ತೈತಿ, ಎರಡನೇದಕ್ಕ ಬರಂಗಿಲ್ಲ. ಇದಕ್ಕ ನೀರಿಲ್ಲ."

ನಾನು ಪಕ್ಕದಲ್ಲಿದ್ದ ಚೊಂಬನ್ನು ಅವಳ ಕಡೆ ನೂಕಿದೆ. ಅವಳು ಚೊಂಬನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮಗ ಹೇಳಿದ್ನಲ್ಲ, ನನಗ ಬುದ್ಧಿ ಇಲ್ಲ," ಎಂದು ನಕ್ಕಳು. ಆ ನಗು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ಈ ಕತೆಯನ್ನು ಇಷ್ಟು ಸಂಕಟದಿಂದ ಬರೆಯುತ್ತಿರಲಿಲ್ಲ.

ಅದು ೧೯೫೪ರ ಬೇಸಿಗೆ. ನಮ್ಮ ತಾಲೂಕು ಬಳ್ಳಾರಿಯನ್ನು ಬಿಟ್ಟು ಕರ್ನೂಲಿಗೆ ಸೇರಿ ಆರು ತಿಂಗಳಾಗಿತ್ತು. ನಾನು ಆದೆಪ್ಪ, ಕಚೇರಿಯ ಮುಂದಿನ ಬೇವಿನ ಮರದಡಿ ಇಪ್ಪತ್ತು ವರ್ಷ ಕನ್ನಡದಲ್ಲಿ ಅರ್ಜಿ ಬರೆದವನು. ಈಗ ಬರುವ ಅಧಿಕಾರಿಗಳು ಗುಂಟೂರಿನ ಕಡೆಯವರು, ಅವರಿಗೆ ಎಲ್ಲವೂ ತೆಲುಗಿನಲ್ಲಿ ಬೇಕು. ಸಂತೆಯ ತೆಲುಗು ನನಗೆ ಹುಟ್ಟಿನಿಂದ ಬರುತ್ತಿತ್ತು. ಕಾಗದದ ತೆಲುಗನ್ನು ನಲವತ್ತೆಂಟರ ವಯಸ್ಸಿನಲ್ಲಿ ಹೊಟ್ಟೆ ಕಲಿಸಿತು. ಹುಸೇನಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಆದರೆ ಊರಿನಲ್ಲಿ ಏನು ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಅವಳ ಖಾನಾವಳಿಗೆ ಬರುತ್ತಿದ್ದರು. ದಿನಕ್ಕೆ ಅರವತ್ತು ಜನಕ್ಕೆ ಬಡಿಸುವವಳು, ಯಾರು ಯಾವತ್ತು ಹೇಗೆ ಉಂಡರು ಎಂಬುದನ್ನು ಅವಳು ಮರೆಯುತ್ತಿರಲಿಲ್ಲ.

ವೆಂಕಮ್ಮ ಒಳಗೆ ಬಂದು ನೆಲದ ಮೇಲೆ ಕುಸಿದು ಕೂತಳು. "ಅಕ್ಕಾ, ನನ್ನ ಗಂಡ ಯಂಕಣ್ಣನ್ನ ಕೊಂದಿಲ್ಲ. ನೇಣು ಹಾಕ್ತಾರಂತ. ನೀನ ಏನರ ಮಾಡಬೇಕು."

ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ್ದ ಹೊತ್ತಿನಲ್ಲಿ ಯಂಕಣ್ಣನನ್ನು ಒಳಕೋಣೆಯಲ್ಲಿ ಯಾರೋ ಇರಿದಿದ್ದರು. ಒಂದೇ ಏಟು, ಎದೆಯ ಎಲುಬನ್ನೇ ಕಡಿದು ಒಳಗೆ ಹೋಗಿದೆ ಎಂದರು ಡಾಕ್ಟರು. ಮೊದಲು ನೋಡಿ ಕೂಗಿಕೊಂಡವನು ಅವನ ಭಾಮೈದ ನಾಗಣ್ಣ, ಅಂಗಡಿಯಲ್ಲಿ ಜೊತೆಗಾರ. ಪೊಲೀಸರು ಗಳಿಗೆಯಲ್ಲಿ ಬಂದು ಅಂಗಡಿಗೆ ಬೀಗ ಜಡಿದರು. ಹೆಣದ ಪಕ್ಕದಲ್ಲಿ ರಕ್ತ ಮೆತ್ತಿದ ಚೂರಿ ಸಿಕ್ಕಿತು. ಅದರ ಮೇಲೆ ಹುಣಸೆ ಎಲೆಯ ಮುದ್ರೆ, ಮಾರೆಣ್ಣನ ಮುದ್ರೆ.

ಜಗಳವೂ ಇತ್ತು. ಯಂಕಣ್ಣನ ಅಂಗಡಿಯ ಕೆಟ್ಟ ಚೂರಿಗಳ ಮೇಲೆಲ್ಲ ಆ ಮುದ್ರೆಯೇ ಇತ್ತು, ಒಂದೂ ಮಾರೆಣ್ಣ ಮಾಡಿದ್ದಲ್ಲ. ಪತ್ತಿಕೊಂಡದ ಸಂತೆಯಲ್ಲಿ ಕೊಂಡವನೊಬ್ಬ ಬಂದು, ಬಾಗಿದ ಚೂರಿಯನ್ನು ಮಾರೆಣ್ಣನ ಮುಖಕ್ಕೆ ಎಸೆದು ಹೋಗಿದ್ದ. ಮಂಗಳವಾರ ಮಾರೆಣ್ಣ ಅಂಗಡಿಯ ಮುಂದೆ ನಿಂತು, "ನನ್ನ ಹೆಸರು ಕೊಂದಾನ ಇವನು, ಇವನ್ನ ಉಳಿಸಂಗಿಲ್ಲ," ಎಂದು ಕೂಗಿದ್ದನ್ನು ಇಡೀ ಬಜಾರು ಕೇಳಿತ್ತು.

"ವೆಂಕಮ್ಮ," ಎಂದೆ ನಾನು, "ನಿನ್ನ ಗಂಡ ತಾನೇ ಒಪ್ಪಿಕೊಂಡಾನ. ಚೂರಿ ತೊಳೆದೆ ಅಂದಾನ. ಆ ಹೇಳಿಕೆ ತೆಲುಗಿನ್ಯಾಗ ಬರೆದುಕೊಟ್ಟವನು ನಾನ."

ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ಉಣ್ಣಲು ಬಿಡುವುದಿಲ್ಲ.

ಅಷ್ಟರಲ್ಲಿ ನಾಗಣ್ಣನೇ ಊಟಕ್ಕೆ ಬಂದ. ಮೊದಲೂ ಇಲ್ಲೇ ಉಣ್ಣುತ್ತಿದ್ದವನು, ಈಗಂತೂ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನನ್ನ ಪಕ್ಕ ಕೂತು ಈರುಳ್ಳಿಯನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿದ. ರಸ ನನ್ನ ಅಂಗಿಗೆ ಸಿಡಿಯಿತು. ಮೊದಲೆಲ್ಲ ಇವನು ಊಟದಲ್ಲಿ ಬಲು ನಾಜೂಕು, ಸೊಂಟದ ಚೂರಿ ತೆಗೆದು ಈರುಳ್ಳಿಯನ್ನು ತೆಳ್ಳಗೆ ಕೊಯ್ದು ರೊಟ್ಟಿಯ ಮೇಲೆ ಜೋಡಿಸಿಕೊಳ್ಳುವವನು. ಹೋದ ವಾರ ಅದು ಕೊಯ್ಯುತ್ತಿಲ್ಲವೆಂದು ಗೊಣಗುತ್ತಲೂ ಇದ್ದ. ದುಃಖದಲ್ಲಿ ನಾಜೂಕು ಎಲ್ಲಿಂದ ಬರಬೇಕು ಎಂದುಕೊಂಡು ನಾನು ಅಂಗಿ ಒರೆಸಿಕೊಂಡೆ. ಹುಸೇನಮ್ಮ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಠಾಣೆಯ ಕೈದಿಗಳಿಗೆ ಊಟ ಹೋಗುತ್ತಿದ್ದದ್ದು ಅವಳ ಖಾನಾವಳಿಯಿಂದಲೇ. ಆ ದಿನ ಬುಟ್ಟಿಯನ್ನು ತಾನೇ ಹೊತ್ತಳು, ನನ್ನನ್ನೂ ಎಳೆದುಕೊಂಡು ಹೋದಳು. ಮಾರೆಣ್ಣ ಸರಳಿನ ಹಿಂದೆ ಗೋಡೆಗೆ ಆತು ಕೂತಿದ್ದ. ಬಲಗೈಗೆ ಹಳೆಯ ಬಟ್ಟೆ ಸುತ್ತಿತ್ತು, ಬೆರಳುಗಳು ಬದನೆಕಾಯಿಯಂತೆ ಊದಿದ್ದವು. ರೊಟ್ಟಿಯನ್ನು ಎಡಗೈಯಲ್ಲಿ ಮುರಿಯಲು ಹೋಗಿ ಆಗದೆ ಬಿಟ್ಟ. ಹುಸೇನಮ್ಮ ಮುರಿದು ಕೊಟ್ಟಳು.

"ಏನಾತಪ್ಪ ಅವತ್ತು, ನನಗರ ಹೇಳು," ಎಂದಳು.

"ನಾ ಹೇಳಿದ್ದೆಲ್ಲ ಬರಕೊಂಡಾರಲ್ಲವ್ವ," ಎಂದ ಮಾರೆಣ್ಣ. "ಹೇಳಿದ್ದಕ್ಕ ಈ ಕೈ ಹಿಂಗಾತು. ಮತ್ತ ಹೇಳಂಗಿಲ್ಲ." ಅಷ್ಟೇ.

ಅಲ್ಲಿಂದ ಯಂಕಣ್ಣನ ಮನೆಗೆ ಹೋದೆವು. ಅವನ ಹೆಂಡತಿ ರಾಮಲಕ್ಷ್ಮಿ ಮೂಲೆಯಲ್ಲಿ ಕೂತಿದ್ದಳು. ಅತ್ತು ಅತ್ತು ದನಿ ಹೋಗಿತ್ತು.

"ಬುಧವಾರ ರಾತ್ರಿ ಉಣ್ಣುವಾಗ ಅಂದ್ರು," ಎಂದಳು. "'ನನಗ ತಿಳೀದಂಗ ಈ ಸುಳ್ಳು ಮಾಲು ಅಂಗಡಿಗೆ ಬಂದೈತಿ. ನಾಳೆ ಸಂಜೀಕ ಮಾರೆಣ್ಣಗ ಕೈ ಮುಗಿದು ಬರ್ತೀನಿ. ಮುದ್ರಿ ಹಾಕ್ಸಿದವನ ಹೆಸರು ಬಜಾರದಾಗ ನಿಂತು ಹೇಳ್ತೀನಿ' ಅಂತ. ಸಂಜಿ ಆಗಲೇ ಇಲ್ಲ."

"ಯಾರ ಹೆಸರು ಅಂತ ನೀ ಕೇಳ್ಲಿಲ್ಲೇನವ್ವ?"

ರಾಮಲಕ್ಷ್ಮಿ ಗೋಡೆಯ ಕಡೆ ತಿರುಗಿದಳು. "ಇಲ್ಲಕ್ಕ. ಕೇಳಾಕ ಅಂಜಿಕಿ ಬಂತು."

ಖಾನಾವಳಿಗೆ ಬಂದ ಮೇಲೆ ಹುಸೇನಮ್ಮ ಕೇಳಿದಳು: "ಮಾರೆಣ್ಣ ಬಾಯಿಲೆ ಹೇಳಿದ್ದು ನೀವು ಮೊದಲು ಕನ್ನಡದಾಗ ಗೀಚಿಕೊಂಡಿರ್ತೀರಲ್ಲ, ಅದು ಐತೇನು?"

ಕಚ್ಚಾ ಪ್ರತಿಗಳನ್ನು ನಾನು ಎಸೆಯುವುದಿಲ್ಲ. ಚೀಲದಿಂದ ತೆಗೆದು ಓದಿದೆ. "ಗುರುವಾರ ಚೂರಿಗೆ ನೀರು ಹಾಕಿದೆ, ಕೊಟ್ಟೆ. ಆಮೇಲೆ ಹಟ್ಟಿ ಬಿಟ್ಟು ಎಲ್ಲಿಗೂ ಹೋಗಿಲ್ಲ."

"ಇನ್ನೊಮ್ಮೆ ಓದ್ರಿ."

ಓದಿದೆ. ಅವಳು ಒಲೆಯ ಬೂದಿ ಕೆದಕಿದಳು. "ಕೊಟ್ಟೆ ಅಂದ್ರ, ಯಾರಿಗೆ?" ಎಂದಳು. ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ, ಅವಸರದವರು. ನಮ್ಮ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೆ ದಿನವೂ ಹುಸೇನಮ್ಮನ ಅನ್ನಕ್ಕೆ ಬರುತ್ತಿದ್ದರು. ಸೋಮವಾರ ಅವರಿಗೆ ಬಡಿಸುತ್ತಾ, ಒಂದು ಸಲ ಅಂಗಡಿಯ ಬೀಗ ತೆಗೆಸಿ, ಮಾರೆಣ್ಣನನ್ನೂ ರಕ್ತದ ಚೂರಿಯನ್ನೂ ಅಲ್ಲಿಗೆ ತರಿಸಿ ಎಂದು ಕೇಳಿದಳು. ಅವಳ ಕನ್ನಡ ಅವರಿಗೆ, ಅವರ ತೆಲುಗು ಅವಳಿಗೆ, ನಡುವೆ ನಾನು. ಅವರು ನಕ್ಕರು, ಆದರೂ ಒಪ್ಪಿದರು.

ಅಂಗಡಿಯಲ್ಲಿ ನಾವೆಲ್ಲ ಸೇರಿದೆವು. ಇನ್ಸ್‌ಪೆಕ್ಟರು, ಇಬ್ಬರು ಪೇದೆಗಳು, ಮಾರೆಣ್ಣ, ವೆಂಕಮ್ಮ, ರಾಮಲಕ್ಷ್ಮಿ, ನಾಗಣ್ಣ. ಹುಸೇನಮ್ಮ ಹೊಸ್ತಿಲ ಕಲ್ಲಿನ ಪಕ್ಕ ಕೂತು, ತನ್ನ ಬಾಗಿದ ಚೂರಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಳು.

"ಸ್ವಾಮಿ, ನಿಮ್ಮ ಕೈಯಾಗಿನ ಚೂರಿ ಈ ಬಾಗಿಲಕ್ಕ ಒತ್ತಿ ನೋಡ್ರಿ."

ಇನ್ಸ್‌ಪೆಕ್ಟರು ರಕ್ತ ಒಣಗಿದ ಚೂರಿಯ ತುದಿಯನ್ನು ಬಾಗಿಲ ಚೌಕಟ್ಟಿಗೆ ಒತ್ತಿದರು. ಅದು ಸುಮ್ಮನೆ ಮಡಚಿಕೊಂಡಿತು.

"ಸೋರಿಕಾಯಿಗೆ ಸೋಲೋದು ಎಲುಬು ಕಡಿತೈತೇನ್ರಿ?" ಎಂದಳು ಹುಸೇನಮ್ಮ. "ಇದಕ್ಕ ರಕ್ತ ಸವರಿ ಇಟ್ಟಾರ. ಮಾರೆಣ್ಣನ ತಲಿಗೆ ಕಟ್ಟಾಕ ಮುದ್ರಿ ಇದ್ದದ್ದೊಂದು ಬೇಕಿತ್ತು, ಅಂಗಡ್ಯಾಗ ಸಿಕ್ಕಿದ್ದು ಇದು. ಮಾರೆಣ್ಣನ ಕೈಲಿ ಆಗಿದ್ರ ತನ್ನ ಹೆಸರು ಕೆಡಿಸಿದ ಚೂರಿ ಮುಟ್ಟತಿದ್ದನೇನು? ಕೊಂದ ಚೂರಿ ಬ್ಯಾರೆ. ಅದು ಗಟ್ಟಿ ಉಕ್ಕಿಂದು."

"ಅದೆಲ್ಲಿದೆ?" ಎಂದರು ಇನ್ಸ್‌ಪೆಕ್ಟರು.

"ಕೂಗು ಎದ್ದ ಗಳಿಗ್ಯಾಗ ನೀವು ಬೀಗ ಹಾಕೀರಿ. ಬಚ್ಚಿಟ್ಟವನಿಗೆ ಆಮ್ಯಾಲೆ ಒಳಗ ಬಂದು ಒಯ್ಯಾಕ ಆಗಿಲ್ಲ. ಇಲ್ಲೇ ಐತಿ." ಮೂಲೆಯಲ್ಲಿದ್ದ ಚೂರಿಗಳ ಪೆಟ್ಟಿಗೆಯನ್ನು ತೋರಿಸಿದಳು. "ಅದನ್ನ ಇಲ್ಲಿ ತರಸ್ರಿ."

ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇನ್ನೂರರಷ್ಟು ಚೂರಿಗಳಿದ್ದವು. ಎಲ್ಲದರ ಹಿಡಿ ಒಂದೇ, ಅಳತೆ ಒಂದೇ, ಮುದ್ರೆ ಒಂದೇ. ಹುಸೇನಮ್ಮ ಒಂದೊಂದನ್ನೇ ಎತ್ತಿ ಹೊಸ್ತಿಲ ಕಲ್ಲಿನ ಮೇಲೆ ಬಿಟ್ಟಳು. ದಪ್. ದಪ್. ದಪ್. ಒದ್ದೆ ಕಟ್ಟಿಗೆ ಬಿದ್ದಂಥ ಸದ್ದು. ಇಪ್ಪತ್ತಾಯಿತು, ನಲವತ್ತಾಯಿತು. ಪೇದೆಗಳು ಆಕಳಿಸಿದರು. ನಾಗಣ್ಣ ಮಾತ್ರ ಆಕಳಿಸಲಿಲ್ಲ, ಅವನ ಕಣ್ಣು ಪೆಟ್ಟಿಗೆಯ ಮೇಲೇ ಇತ್ತು.

ಅರವತ್ತರ ಮೇಲೆ ಒಂದು ಚೂರಿ ಟಣ್ ಎಂದಿತು. ಆ ಸದ್ದಿಗೆ, ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಮಾರೆಣ್ಣ ತಲೆ ಎತ್ತಿದ.

ಹುಸೇನಮ್ಮ ಅದನ್ನು ಇನ್ಸ್‌ಪೆಕ್ಟರಿಗೆ ಕೊಟ್ಟಳು. ಅಲಗಿನ ಅಂಚಿನಲ್ಲಿ ತೆಳ್ಳಗೆ ನೀಲಿ ಬಣ್ಣ ಓಡಿತ್ತು. ಹಿಡಿಯ ಸಂದಿಯಲ್ಲಿ ಒಣಗಿದ ರಕ್ತವಿತ್ತು. ಅವರು ಅದನ್ನು ಬಾಗಿಲಿಗೆ ಒತ್ತಿದರು. ಚೂರಿ ಬಾಗಲಿಲ್ಲ, ಮರದೊಳಗೆ ಇಳಿಯಿತು.

"ನಾಗಣ್ಣ," ಎಂದಳು ಹುಸೇನಮ್ಮ, "ಮೂರು ವರ್ಷ ನನ್ನ ಮನ್ಯಾಗ ಉಂಡಿ. ಒಂದು ದಿನ ಉಳ್ಳಾಗಡ್ಡಿ ಗುದ್ದಿದವನಲ್ಲ. ಗುರುವಾರ ಆದಮ್ಯಾಲೆ ಗುದ್ದಾಕ ಹತ್ತಿ. ಸೊಂಟದ ಚೂರಿ ಎಲ್ಲಿ? ಊರಿಗೆಲ್ಲ ಅಂಡಿಗಿ ಪಟ್ಟಿ ಮಾರಿ, ನಿನಗಂತ ಮಾತ್ರ ಮಾರೆಣ್ಣ ಮಾಡಿದ್ದು ಇಟ್ಟುಕೊಂಡಿದ್ದಿ. ಈ ಸುಳ್ಳು ಚೂರಿಗಳಿಗೆ ಮಾದರಿನೂ ಅದ. ಅದಕ್ಕ ಎಲ್ಲಾ ಒಂದ ಹೋಲ್ಕಿ. ನಿಮ್ಮ ಅಕ್ಕನ ಗಂಡ ನಿನ್ನ ಹೆಸರು ಬಜಾರದಾಗ ಹೇಳ್ತೀನಿ ಅಂದ. ಅದಕ್ಕ ಕೊಂದಿ."

"ಅದು ನನ್ನದಲ್ಲ," ಎಂದ ನಾಗಣ್ಣ.

ಆಗ ಮಾರೆಣ್ಣ ಬಾಯಿ ಬಿಟ್ಟ. "ಅವನದ. ಮಾದರಿಗಂತ ನನಗ ಈಗ ತಿಳೀತು. ಯಾರ ಕೈಗೋ ಕೊಟ್ಟು, ಬೆಂಕಿಗಿಟ್ಟು ಕೆಡಿಸಿಕೊಂಡು ಬಂದಿದ್ದ. ಅಂಗಡಿ ಮ್ಯಾಲ ಸಿಟ್ಟಿತ್ತು. ಖರೇ, ನಾ ಮಾಡಿದ ಚೂರಿ ಕೆಟ್ಟು ಬಿದ್ದಿದ್ದು ನೋಡಾಕ ಆಗಲಿಲ್ಲ. ಗುರುವಾರ ಮುಂಜಾನೆ ನೀರು ಹಾಕಿ ಕೊಟ್ಟೆ."

ರಾಮಲಕ್ಷ್ಮಿ ತಮ್ಮನ ಕಡೆ ನೋಡಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು. ನಾಗಣ್ಣ ಅಕ್ಕನ ಹಿಂದೆ ಒಂದು ಹೆಜ್ಜೆ ಇಟ್ಟ, ಪೇದೆಗಳು ಹಿಡಿದರು. ಅವನು ಕೊಸರಾಡಲಿಲ್ಲ. "ಬಾವಿಗೆ ಒಗೀಬೇಕಂತ ಇದ್ದೆ," ಎಂದಷ್ಟೇ ಹೇಳಿದ. "ಅಂಥಾದು ಮತ್ತ ಸಿಗಂಗಿಲ್ಲ ಅಂತ ಇಟ್ಟೆ."

ನಾನು ಎಲ್ಲವನ್ನೂ ತೆಲುಗಿಗೆ ತಿರುಗಿಸಿ ಹೇಳಿದೆ. ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. "ಇದನ್ನು ಮೊದಲ ದಿನವೇ ಯಾಕೆ ಹೇಳಲಿಲ್ಲ, ಕೇಳು ಅವನನ್ನು," ಎಂದರು.

ಕೇಳಿದೆ.

"ಹೇಳಿದ್ದೆ," ಎಂದ ಮಾರೆಣ್ಣ.

ಹುಸೇನಮ್ಮ ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ರೈಟ್ರೇ, ಕಬ್ಬಿಣ ಕಾಸಿ ಕೆಂಪು ಮಾಡಿ ನೀರಾಗ ಅದ್ದೋದಕ್ಕ ಕಂಬಾರ್ರು ನೀರು ಹಾಕೋದು ಅಂತಾರ. ಅದರಿಂದ ಅಲಗು ಗಟ್ಟಿ ಆಗ್ತೈತಿ. ನೀರಿಲ್ಲದ ಚೂರಿ ಅಂದ್ರ ಕೆಟ್ಟ ಚೂರಿ. ಅವತ್ತು ನೀವು ಚೊಂಬು ಕೊಟ್ರಿ, ನಾ ನಕ್ಕೆ. ಕಚ್ಚಾ ಕಾಗದ ಓದಿದಾಗ ನನಗ ಆ ಚೊಂಬು ನೆನಪಾತು. ತೆಲುಗಿನ್ಯಾಗ ಏನಂತ ಬರದ್ರಿ?"

"ಕಡಿಗಾನು," ಎಂದೆ. ತೊಳೆದೆ. ಚೂರಿ ತೊಳೆದೆ. 'ಕೊಟ್ಟೆ' ಎಂಬುದು ಅಲ್ಲಿ ಹೊಂದಲಿಲ್ಲವೆಂದು ಬಿಟ್ಟಿದ್ದೆ. ನನ್ನ ತೆಲುಗು ಎಷ್ಟು ಚುರುಕೆಂದು ಹೊಸ ಸಾಹೇಬರಿಗೆ ತೋರಿಸುವ ಅವಸರದಲ್ಲಿ, ಆ ಒಂದು ಮಾತಿನ ಬಳಿ ನಿಂತು ಮಾರೆಣ್ಣನನ್ನು ಕೇಳಲಿಲ್ಲ. ಕೊಲೆಗಾರ ರಕ್ತ ತೊಳೆದ ಎಂದು ಓದಿಕೊಂಡ ಸಾಹೇಬರು, ಹೆಣದ ಪಕ್ಕದ ಚೂರಿಯಲ್ಲಿ ರಕ್ತ ಹಾಗೇ ಇದ್ದದ್ದನ್ನೂ ಲೆಕ್ಕಿಸದೆ, ಆಮೇಲೆ ಇನ್ನೇನನ್ನೂ ಕೇಳಲಿಲ್ಲ, ಉಳಿದದ್ದನ್ನು ಲಾಠಿಯಿಂದ ಕೇಳಿಸಿದರು.

"ಏನಂತೆ?" ಎಂದರು ಇನ್ಸ್‌ಪೆಕ್ಟರು.

ಅದನ್ನೂ ನಾನೇ ತೆಲುಗಿಗೆ ತಿರುಗಿಸಿ ಹೇಳಬೇಕಾಯಿತು. ಒಂದಕ್ಷರ ಬಿಡದೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ, ಮಾರೆಣ್ಣನ ಬಟ್ಟೆ ಸುತ್ತಿದ ಕೈಯನ್ನೊಮ್ಮೆ ನೋಡಿ ಟೊಪ್ಪಿಗೆ ಹಾಕಿಕೊಂಡು ಹೊರಟುಹೋದರು.

ಮರುದಿನ ಮಾರೆಣ್ಣನನ್ನು ಬಿಡುವ ಮುಂಚೆ ಹೊಸ ಹೇಳಿಕೆ ಬರೆಯಬೇಕಿತ್ತು. ಆಸ್ಪತ್ರೆಯಲ್ಲಿ ಅವನ ಕೈ ನೋಡಿ, ಎಲುಬು ಮೂರು ಕಡೆ ಮುರಿದಿದೆ, ಇನ್ನು ಸುತ್ತಿಗೆ ಹಿಡಿಯಲಾರ ಎಂದಿದ್ದರು. ಮೊದಲ ಹೇಳಿಕೆಗೆ ಅವನು ಬಲಗೈಯಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದಿದ್ದ. ಈ ಸಲ ಎಡಗೈ ಹೆಬ್ಬೆರಳನ್ನು ನಾನೇ ಹಿಡಿದು ಮಸಿಗೆ ಒತ್ತಿದೆ. ಕಾಗದದ ಮೇಲೆ ಒತ್ತುವ ಮುಂಚೆ ಅವನು ಬೆರಳನ್ನು ಬಿಗಿಹಿಡಿದ.

"ಈ ಸಲ ಏನಂತ ಬರದೀರಿ?" ಎಂದ.

ನಾನು ತೆಲುಗನ್ನು ಬಿಟ್ಟು ಕನ್ನಡದಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಓದಿದೆ. ನಾಗಣ್ಣ ತಂದ ಚೂರಿಯನ್ನು ಕಾಸಿ, ಗಟ್ಟಿಯಾಗಲೆಂದು ನೀರು ಹಾಕಿ, ಅವನ ಕೈಗೆ ಕೊಟ್ಟೆ ಎಂದು.

ಮಾರೆಣ್ಣ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ. ವೆಂಕಮ್ಮ ಅವನ ಬೆರಳಿನ ಮಸಿಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು.

"ಸರಿ ಬರದೀರಿ," ಎಂದ ಅವನು. "ಇನ್ನ ಯಾವ ಅಲಗಿಗೆ ಹಾಕ್ತೀನಿ ನೀರು. ಹಟ್ಟ್ಯಾಗ ಅಲಗು ಅದ್ದೋ ಕಲ್ಲಿನ ದೋಣಿ ಬತ್ತಿ ಹೋಗಿರ್ತೈತಿ, ನಡಿ ವೆಂಕಮ್ಮ."